ಸುಳ್ಳನ ಹನ್ನೆರಡು ಇಂಚು

ಜನವರಿ ೯

ಭಾವನವರಿಗೆ ನಾದಿನಿಯ ನಮಸ್ಕಾರ.

ಫೋನು ಮಾಡಬಹುದಿತ್ತು. ಆದರೆ ಫೋನಿನಲ್ಲಿ ನಿಮಗೆ ಅರ್ಧ ಕೇಳಿಸುವುದಿಲ್ಲ, ಕೇಳಿಸಿದ ಅರ್ಧಕ್ಕೆ ನೀವು ಬೇರೆ ಯಾವುದಕ್ಕೋ ಉತ್ತರ ಕೊಡುತ್ತೀರಿ. ಇದು ಅಳತೆಯ ವಿಷಯ, ಕಾಗದವೇ ಸರಿ.

ನಮ್ಮ ಹಡಗುಕಟ್ಟೆಯಲ್ಲಿ ಎರಡು ಡೆಸ್ಟ್ರಾಯರ್ ಹಡಗುಗಳು ಅಕ್ಕಪಕ್ಕ ನಿಂತಿವೆ. ಒಂದೇ ನಕ್ಷೆಯಲ್ಲಿ ಕಟ್ಟಿದ ಅಕ್ಕತಂಗಿಯರು. ಗೋದಾಮಿನವರಾದ ನಾವು ದೊಡ್ಡವಳು, ಚಿಕ್ಕವಳು ಅನ್ನುತ್ತೇವೆ. ಕಣ್ಣಿಗೆ ಕಾಣದಷ್ಟು ದೂರದ ಗುರಿಗೆ ಕ್ಷಿಪಣಿ ಬಿಡುವ ಹಡಗುಗಳು. ಇದೇನೂ ಗುಟ್ಟಲ್ಲ, ಗೇಟಿನ ಎದುರಿನ ಟೀ ಅಂಗಡಿಯಲ್ಲಿ ಕೂತರೆ ಕ್ಷಿಪಣಿಯ ಪೆಟ್ಟಿಗೆಗಳೇ ಕಾಣುತ್ತವೆ. ಅಂಥ ದೊಡ್ಡವಳು ಮಳೆಗಾಲ ಮುಗಿದಾಗಿನಿಂದ ಜಾಗ ಬಿಟ್ಟು ಕದಲಿಲ್ಲ. ಕಾರಣ, ಊಟದ ತಟ್ಟೆಯಷ್ಟಿರುವ ಒಂದು ಕಂಚಿನ ಚಕ್ರ. ಸಮುದ್ರದ ನೀರು ಎಳೆದು ಯಂತ್ರಗಳನ್ನು ತಂಪಾಗಿಡುವ ಪಂಪಿನೊಳಗೆ ತಿರುಗುವ ರೆಕ್ಕೆಚಕ್ರ. ಅದು ಒಡೆದುಹೋಯಿತು. ಚಕ್ರವಿಲ್ಲದೆ ಪಂಪಿಲ್ಲ, ಪಂಪಿಲ್ಲದೆ ರೇಡಾರಿಲ್ಲ, ರೇಡಾರಿಲ್ಲದೆ ಕ್ಷಿಪಣಿಗೆ ಕಣ್ಣಿಲ್ಲ.

ನನ್ನ ಗೋದಾಮಿನಲ್ಲಿ ಹಡಗಿನ ಬಿಡಿಭಾಗಗಳು ಸಾವಿರಾರು ಬಗೆ ಇವೆ, ಬೇಕಾದ ಒಂದು ಇಲ್ಲ. ಇದ್ದ ಒಂದೇ ಚಕ್ರವನ್ನು ಹೋದ ವರ್ಷ ಚಿಕ್ಕವಳಿಗೆ ಹಾಕಿಸಿದೆ. ಮಾಡುತ್ತಿದ್ದ ಕಾರ್ಖಾನೆ ಮುಚ್ಚಿದೆ, ನಕ್ಷೆಯೂ ಸಿಗುತ್ತಿಲ್ಲ. ಹೊರಗಿನ ಫೌಂಡ್ರಿಯಲ್ಲಿ ಎರಕ ಹೊಯ್ಯಿಸಲು ಒಪ್ಪಿಗೆ ಸಿಕ್ಕಿದೆ, ಆದರೆ ಎರಕಕ್ಕೆ ಮುಂಚೆ ಮರಳಿನಲ್ಲಿ ಅಚ್ಚೊತ್ತಲು ಮರದ ಮಾದರಿ, ಅಂದರೆ ಪ್ಯಾಟರ್ನ್, ಮಾಡಿಕೊಡುವವರು ಯಾರು? ನಾನು ಬಲ್ಲ ಪ್ಯಾಟರ್ನ್ ಬಡಗಿ ಒಬ್ಬರೇ.

ಒಡೆದ ಚಕ್ರ ಗುಜರಿ ಲಾರಿ ಹತ್ತುವ ಮುಂಚೆ ಎಲ್ಲ ಅಳತೆಯನ್ನೂ ನಾನೇ ತೆಗೆದೆ. ನಾನು ಕೆಲಸಕ್ಕೆ ಸೇರಿದಾಗ ಅಕ್ಕ ಕೊಟ್ಟ ಸ್ಟೀಲ್ ಸ್ಕೇಲು ಇನ್ನೂ ನನ್ನ ಮೇಜಿನಲ್ಲೇ ಇದೆ, ಅದರಿಂದಲೇ. ಒಂದೊಂದನ್ನೂ ಮೂರು ಸಲ ನೋಡಿದ್ದೇನೆ. ಹಾಳೆ ಲಗತ್ತಿಸಿದ್ದೇನೆ.

ಆಗುತ್ತದೋ ಇಲ್ಲವೋ ತಿಳಿಸಿ.

ನಾದಿನಿ


ಜನವರಿ ೧೪

ಬೀಗದಮ್ಮನಿಗೆ ಭಾವನ ಆಶೀರ್ವಾದ. ಗೋದಾಮಿನ ಬೀಗದಕೈ ನಿನ್ನ ಹತ್ತಿರವೇ ಇದೆಯಲ್ಲ, ಸದ್ಯಕ್ಕೆ ಬೇಡವಾದರೆ ಅಲ್ಲೇ ಇಟ್ಟುಕೊ, ಮುಂದೆ ಯಾರಿಗಾದರೂ ಬಿಡಿಭಾಗವಾಗಿ ಬಂದೀತು.

ನಿನ್ನ ಕಾಗದ ಓದಿ ನಕ್ಕೆ. ಅಮ್ಮಣ್ಣಿ, ನನ್ನ ಕೂದಲು ಬಿಸಿಲಿಗೆ ಬೆಳ್ಳಗಾದದ್ದಲ್ಲ. ಅಕ್ಕ ಹೋದ ಮೇಲೆ ಭಾವ ಶೆಡ್ಡಿನ ಬಾಗಿಲು ತೆಗೆದಿಲ್ಲ ಅಂತ ನಿನಗೆ ಯಾರೋ ಊದಿದ್ದಾರೆ. ಮುದುಕನ ಕೈಗೆ ಒಂದು ಆಟಿಕೆ ಕೊಟ್ಟು ಕೂರಿಸೋಣ ಅಂತ ನಿನ್ನ ಹಂಚಿಕೆ. ಕ್ಷಿಪಣಿ ಬಿಡುವ ಹಡಗಂತೆ, ಅದಕ್ಕೆ ತಟ್ಟೆಯಷ್ಟು ಚಕ್ರವಿಲ್ಲವಂತೆ, ಅದನ್ನು ಮಾಡಲು ಜಗತ್ತಿನಲ್ಲಿ ಉಳಿದವನು ನಾನೊಬ್ಬನೇ ಅಂತೆ. ವಿತ್ ಡ್ಯೂ ರೆಸ್ಪೆಕ್ಟ್, ಇಷ್ಟು ದೊಡ್ಡ ಹೂವು ನನ್ನ ಕಿವಿಗೆ ಹಿಡಿಸುವುದಿಲ್ಲ. (ಕಾಲೇಜಿನಲ್ಲಿ ಎರಡು ವರ್ಷ ಕೂತದ್ದರಲ್ಲಿ ಉಳಿದಿರುವುದು ಇಂಥ ಬಾಲಗಳೇ. ತಲೆ ಇದ್ದರೆ ಬಾಲವಿಲ್ಲ, ಬಾಲ ಇದ್ದರೆ ತಲೆಯಿಲ್ಲ. ಮೇಷ್ಟ್ರು ಒಂದು ಹೇಳುತ್ತಿದ್ದರು, ಟೈಮ್ ಅಂಡ್ ಟೈಡ್ ವೇಟ್ ಫಾರ್ ಅಂತ, ಯಾರಿಗೆ ಕಾಯುತ್ತದೆ ಅನ್ನುವುದೇ ಮರೆತುಹೋಗಿದೆ.)

ಆದರೂ ಬಾಗಿಲು ತೆಗೆದೆ. ಬೀಗ ತುಕ್ಕು ಹಿಡಿದಿತ್ತು, ಎಣ್ಣೆ ಬಿಟ್ಟು ಕಾದೆ. ಒಳಗೆ ಜೇಡ ಸಂಸಾರ ಹೂಡಿ ಮೊಮ್ಮಕ್ಕಳನ್ನೂ ಕಂಡಿತ್ತು. ತೇಗದ ಹಲಗೆಗಳು ಮಾತ್ರ ಚೆನ್ನಾಗಿ ಒಣಗಿವೆ. ಒಂದರ ಮೇಲೆ ರಂದ ಎಳೆದೆ ನೋಡು, ಸುರುಳಿ ಸುರುಳಿಯಾಗಿ ಬಂತು. ಆ ವಾಸನೆಗೆ ಮಧ್ಯಾಹ್ನದ ಊಟ ಮರೆತೆ.

ಎಲ್ಲಿದ್ದೆ? ಹಾಂ, ಸ್ಕೇಲು. ನಮ್ಮ ಕಸುಬಿನ ಸ್ಕೇಲೇ ಬೇರೆ, ನಿನಗೆ ಗೊತ್ತಿರಲಿಕ್ಕಿಲ್ಲ. ಕರಗಿದ ಕಂಚು ತಣ್ಣಗಾಗುವಾಗ ಕುಗ್ಗುತ್ತದೆ, ನೂರಕ್ಕೆ ಒಂದೂವರೆ ಪಾಲು. ಹಾಗಾಗಿ ಮರದ ಪ್ಯಾಟರ್ನ್ ಅಷ್ಟು ದೊಡ್ಡದಿರಬೇಕು. ಪ್ರತಿಯೊಂದಕ್ಕೂ ಲೆಕ್ಕ ಹಾಕುತ್ತ ಕೂತರೆ ತಲೆ ಕೆಡುತ್ತದೆ ಅಂತ ಹಿರಿಯರು ಸ್ಕೇಲನ್ನೇ ಹಿಗ್ಗಿಸಿದರು. ಅದರ ಮೇಲೆ ಹನ್ನೆರಡು ಇಂಚು ಅಂತ ಬರೆದಿರುತ್ತದೆ, ನಿಜಕ್ಕೆ ಹನ್ನೆರಡಕ್ಕಿಂತ ಉದ್ದ. ನಾನು ಅದನ್ನು ಸುಳ್ಳ ಅಂತ ಕರೆಯುತ್ತೇನೆ. ಒಳ್ಳೆಯದಕ್ಕಾಗಿ ಸುಳ್ಳು ಹೇಳುವವನು. ನನ್ನ ಹತ್ತಿರ ಜೋಡಿ ಸುಳ್ಳರಿದ್ದರು, ಒಬ್ಬನನ್ನು ಎಷ್ಟೋ ವರ್ಷದ ಹಿಂದೆ ಯಾರೋ ಎತ್ತಿಕೊಂಡು ಹೋದರು. ಉಳಿದವನೊಬ್ಬ ಸಾಕು.

ನಿನ್ನ ಅಳತೆ ನೋಡಿದೆ. ಚಕ್ರದ ಅಗಲ ಹನ್ನೊಂದು ಮುಕ್ಕಾಲಿಗಿಂತ ಚೂರು ಜಾಸ್ತಿ ಅಂದಿದ್ದೀಯೆ. ನಕ್ಷೆ ಬರೆದವನು ಹನ್ನೆರಡು ಅಂತ ನೇರವಾಗಿ ಇಡಬಾರದಿತ್ತೇ? ಉಪ್ಪುನೀರು ಅಂಚು ತಿಂದಿದೆಯೇನೋ ಅಂದುಕೊಂಡೆ. ಆದರೆ ಮೂರು ಸಲ ನೋಡಿದ ಅಳತೆಗೆ ನಾನು ಕೈ ಹಾಕುವವನಲ್ಲ. ನೀನು ಬರೆದದ್ದೇ ಶಾಸನ.

ಆಟಿಕೆಯೇ ಆಗಲಿ, ಮಾಡುತ್ತೇನೆ. ಮಾಡಿದ ಮೇಲೆ ನಿನ್ನ ಮೇಜಿನ ಮೇಲೆ ಕಾಗದ ಹಾರದ ಹಾಗೆ ಇಟ್ಟುಕೊ.

ಮರದ ಪುಡಿಯ ಮಧ್ಯದಿಂದ,
ಭಾವ


ಜನವರಿ ೧೮

ಭಾವಾ,

ಆಟಿಕೆ ಅಲ್ಲ. ಹೇಳಬಾರದು ಅಂತಿದ್ದೆ, ಈಗ ಹೇಳಬೇಕಾಗಿದೆ.

ಮಾರ್ಚ್ ಮೊದಲ ವಾರ ಮೇಲಿನಿಂದ ತಪಾಸಣೆಯ ತಂಡ ಬರುತ್ತದೆ. ಅಷ್ಟರೊಳಗೆ ದೊಡ್ಡವಳು ತನ್ನ ಯಂತ್ರದ ಬಲದಿಂದ ಕಟ್ಟೆ ಬಿಟ್ಟು ಹೊರಟರೆ ಸರಿ. ಇಲ್ಲವಾದರೆ ಅವಳನ್ನು ಇಲ್ಲೇ ನಿಲ್ಲಿಸಿ, ಅವಳ ಮೈಮೇಲಿನ ಒಂದೊಂದೇ ಭಾಗ ಬಿಚ್ಚಿ ಚಿಕ್ಕವಳಿಗೆ ಹಾಕುತ್ತಾರೆ. ಕವಾಟ, ಮೋಟಾರು, ಕೇಬಲ್ಲು, ಕಡೆಗೆ ಕ್ಷಿಪಣಿ ಎತ್ತುವ ಯಂತ್ರ. ನಮ್ಮಲ್ಲಿ ಇದು ಹೊಸದಲ್ಲ. ಒಮ್ಮೆ ಬಿಚ್ಚಲು ಶುರು ಮಾಡಿದ ಹಡಗು ಮತ್ತೆ ನೀರಿಗೆ ಇಳಿದದ್ದನ್ನು ನಾನು ಕಂಡಿಲ್ಲ. ಏನೇನು ಬಿಚ್ಚಬೇಕು ಅಂತ ಗುರುತು ಹಾಕುವ ಕೆಲಸ ಗೋದಾಮಿನವರದು. ಅಂದರೆ ನನ್ನದು.

ಹಡಗಿನ ಇಂಜಿನ್ ಸಾಹೇಬರು ಇನ್ನೂ ಹುಡುಗು ವಯಸ್ಸಿನವರು. ನಿನ್ನೆ ಬಂದು, "ಮೇಡಂ, ನಿಮ್ಮ ಬಡಗಿ ನಂಬಿಕಸ್ಥರಾ?" ಅಂದರು.

"ನಮ್ಮ ಭಾವ," ಅಂದೆ.

"ಅದು ಉತ್ತರ ಅಲ್ಲವಲ್ಲ," ಅಂದರು.

"ಅವರನ್ನು ನೋಡಿದರೆ ಉತ್ತರ ಅಂತ ಗೊತ್ತಾಗುತ್ತದೆ," ಅಂದೆ. ಈಗ ನನ್ನ ಮರ್ಯಾದೆ ನಿಮ್ಮ ಕೈಯಲ್ಲಿದೆ.

ಚಿಕ್ಕವಳಾಗಿ ಹುಟ್ಟಿದವಳು ನಾನು. ಅಕ್ಕನ ಅಂಗಿ, ಅಕ್ಕನ ಪುಸ್ತಕ, ಅಕ್ಕನ ಚಪ್ಪಲಿ ಎಲ್ಲ ಹಾಕಿಕೊಂಡು ಬೆಳೆದೆ. ಅದಕ್ಕೆ ಬೇಜಾರಿಲ್ಲ. ಆದರೆ ಅಕ್ಕ ನಿಂತಿರುವಾಗಲೇ ಅವಳ ಮೈಯಿಂದ ಬಿಚ್ಚಿ ಹಾಕಿಕೊಂಡದ್ದಿಲ್ಲ.

ಬೇಗ ಬರೆಯಿರಿ.

ನಾದಿನಿ


ಫೆಬ್ರವರಿ ೨

ಭಾವಾ,

ನಿಮ್ಮಿಂದ ಒಂದು ಸಾಲೂ ಇಲ್ಲ. ಆಗುವುದಿಲ್ಲ ಅಂತಾದರೆ ಅದನ್ನೇ ಬರೆಯಿರಿ, ನನಗೇನೂ ಬೇಸರವಿಲ್ಲ. ಅಕ್ಕನ ಮಾತೆತ್ತಿ ನಿಮ್ಮ ಮನಸ್ಸು ನೋಯಿಸಿದೆನೋ ಅಂತ ಅಳುಕು. ಹಾಗಿದ್ದರೆ ಆ ಸಾಲುಗಳನ್ನು ಓದಲೇ ಇಲ್ಲ ಅಂದುಕೊಳ್ಳಿ.

ನಾದಿನಿ


ಫೆಬ್ರವರಿ ೩

ಬೀಗದಮ್ಮ, ಆಶೀರ್ವಾದಕ್ಕೂ ಪುರಸೊತ್ತಿಲ್ಲ, ಲಾರಿ ಕಾಯುತ್ತಿದೆ.

ಆಗಿಹೋಯಿತು. ನಿನ್ನ ಕಾಗದ ಬಂದ ಮೇಲೆ ಪೆನ್ನು ಮುಟ್ಟಿಲ್ಲ, ಬರೀ ಉಳಿ ಮತ್ತು ರಂದ. ನಿಜವಾದ ಹಡಗು, ನಿಜವಾದ ಸಮುದ್ರ, ಅದರ ಹೊಟ್ಟೆಯೊಳಗೆ ತಿರುಗುವುದು ನನ್ನ ಚಕ್ರ. ಪಕ್ಕದ ಮನೆಯ ಟೈಲರಿಗೂ ಹೇಳಿದೆ, ಹಾಲು ತರುವವನಿಗೂ ಹೇಳಿದೆ. ಗುಟ್ಟಲ್ಲ ಅಂತ ನೀನೇ ಬರೆದಿದ್ದೀಯಲ್ಲ. ಹಾಲಿನವನು, "ಕ್ಷಿಪಣಿ ನಿಮ್ಮ ಶೆಡ್ಡಲ್ಲಿ ಮಾಡ್ತೀರಾ ಯಜಮಾನ್ರೇ?" ಅಂದ. "ಅದರ ಕುಡಿಯೋ ನೀರಿನ ವ್ಯವಸ್ಥೆ ನಂದು ಕಣಯ್ಯ," ಅಂದೆ.

ಏಳು ರೆಕ್ಕೆ, ಒಂದೊಂದೂ ಬಾಗಿದ ಅಂಗೈ ಥರ. ಮರದಲ್ಲಿ ಆ ಬಾಗು ತರುವುದಿದೆಯಲ್ಲ, ಕಣ್ಣಿಗಿಂತ ಹೆಬ್ಬೆರಳು ಚೆನ್ನಾಗಿ ನೋಡುತ್ತದೆ. ಸುಳ್ಳನನ್ನು ಇಟ್ಟು ಒಂದೊಂದು ಗೆರೆಯನ್ನೂ ಹಾಕಿದೆ. ಆಮೇಲೆ ಫೌಂಡ್ರಿಗೆ ಹೊತ್ತುಕೊಂಡು ಹೋದೆ. ಅಲ್ಲಿ ನನ್ನ ಹಳೇ ಗೆಳೆಯ ಇದ್ದಾನೆ, ಅವನ ಅಡ್ಡಹೆಸರು "ಇವತ್ತಾಗಲ್ಲ". ಏನು ಕೇಳಿದರೂ ಮೊದಲ ಮಾತು ಅದೇ. ಮದುವೆ ಮನೆಯಲ್ಲಿ ಹೆಣ್ಣಿನ ಕಡೆಯವರು ಊಟಕ್ಕೆ ಏಳಿ ಅಂದಾಗಲೂ ಇವತ್ತಾಗಲ್ಲ ಅಂದವನು. ನನ್ನ ಪ್ಯಾಟರ್ನನ್ನು ತಿರುಗಿಸಿ ತಿರುಗಿಸಿ ನೋಡಿದ, "ಇವತ್ತಾಗಲ್ಲ," ಅಂದ. ನಾಳೆಗೆ ಮಾಡಿದ.

ಎರಕ ಹೊಯ್ಯುವುದನ್ನು ನೀನು ನೋಡಬೇಕಿತ್ತು. ಮೂಸೆಯ ಬಾಯಿ ತೆಗೆದರೆ ಹಸಿರು ಜ್ವಾಲೆ, ಒಳಗೆ ಕರಗಿದ ಕಂಚು ಸೂರ್ಯನ ಚೂರಿನ ಹಾಗೆ ಅಲುಗಾಡುತ್ತದೆ. ಮರಳಿನ ಅಚ್ಚಿನೊಳಗೆ ಹೊಯ್ದಾಗ ಗುಳುಗುಳು ಅಂತ ಸದ್ದು, ಆಮೇಲೆ ತುದಿಯ ತೂತಿನಲ್ಲಿ ಕೆಂಪು ಕಣ್ಣು ಬಿಟ್ಟಂತೆ ಮೇಲೆ ಬರುತ್ತದೆ. ಅಚ್ಚು ತುಂಬಿತು ಅಂತ ಅರ್ಥ. ಇವತ್ತಾಗಲ್ಲ ನನ್ನ ಬೆನ್ನಿಗೆ ಗುದ್ದಿದ. ಮರಳು ಒಡೆದು ತೆಗೆದರೆ, ತಾಯಿ, ಏಳಕ್ಕೆ ಏಳೂ ರೆಕ್ಕೆ ಸೊಗಸಾಗಿ ಬಂದಿವೆ. ತಣ್ಣಗಾದ ಮೇಲೆ ಮಾಮೂಲಿ ಸ್ಕೇಲು ಇಟ್ಟು ನೋಡಿದೆ. ನಿನ್ನ ಹಾಳೆಯಲ್ಲಿ ಏನಿದೆಯೋ ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಇಲ್ಲ.

ನಿನ್ನ ಸಾಹೇಬರಿಗೆ ಹೇಳು, ಉತ್ತರ ಲಾರಿಯಲ್ಲಿ ಬರುತ್ತಿದೆ.

ಭಾವ


ಫೆಬ್ರವರಿ ೧೧

ಭಾವನವರಿಗೆ ನಮಸ್ಕಾರ.

ಚಕ್ರ ಬಂತು. ನೋಡಿದವರೆಲ್ಲ ಕೈಯಲ್ಲಿ ಸವರಿ ಸವರಿ ನೋಡಿದರು, ಅಷ್ಟು ಚೆಂದ.

ಆದರೆ ಕೂರಲಿಲ್ಲ. ಪಂಪಿನ ಮನೆಗಿಂತ, ಅಂದರೆ ಚಕ್ರ ಕೂರುವ ಗೂಡಿಗಿಂತ, ಸಣ್ಣದಾಯಿತು. ಸುತ್ತಲೂ ಒಂದು ದಪ್ಪ ನಾಣ್ಯ ತೂರುವಷ್ಟು ಸಂದು ಉಳಿಯಿತು. ರೆಕ್ಕೆಗಳೂ ಅಷ್ಟಷ್ಟೇ ಕುಳ್ಳು. ತಿರುಗಿಸಿ ನೋಡಿದರು, ನೀರು ಮೇಲೇರದೆ ಒಳಗೇ ಸುತ್ತುತ್ತದೆ.

ನನ್ನ ಕಣ್ಣಿಗೂ ಈಗ ವಯಸ್ಸಾಯಿತು, ಅಳತೆ ತೆಗೆಯುವಾಗ ಎಲ್ಲೋ ತಪ್ಪಿರಬೇಕು. ಒಡೆದ ಚಕ್ರ ಗುಜರಿಯವನ ಹತ್ತಿರ ಕರಗಿಹೋಗಿದೆ, ಮತ್ತೆ ಅಳೆಯೋಣವೆಂದರೆ ಇಲ್ಲ. ಪಂಪಿನ ಮನೆ ಅಳೆದರೆ ಅಗಲ ಗೊತ್ತಾಗುತ್ತದೆ, ರೆಕ್ಕೆಯ ಬಾಗು ಗೊತ್ತಾಗುವುದಿಲ್ಲ. ಚಿಕ್ಕವಳು ಯಾವಾಗ ಬೇಕಾದರೂ ಹೊರಡಲು ಸಿದ್ಧವಿರಬೇಕು, ಅವಳ ಪಂಪು ಬಿಚ್ಚಿ ನೋಡಲು ಒಪ್ಪಿಗೆಯಿಲ್ಲ.

ನೀವು ಇನ್ನು ಇದನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ಆರೋಗ್ಯ ನೋಡಿಕೊಳ್ಳಿ. ಸೋಮವಾರದಿಂದ ದೊಡ್ಡವಳ ಮೇಲೆ ಗುರುತಿನ ಚೀಟಿ ಕಟ್ಟಲು ಶುರು ಮಾಡಬೇಕು.

ನಾದಿನಿ


ಫೆಬ್ರವರಿ ೧೫

ಚಿರಂಜೀವಿ ನಾದಿನಿಗೆ,

ಕಾಗದ ತಲುಪಿತು. ನಿನ್ನ ಕಣ್ಣು ಚೆನ್ನಾಗಿಯೇ ಇದೆ. ನನ್ನ ಕೈ ಮೊದಲಿನ ಹಾಗಿಲ್ಲ, ನಡುಗಿರಬೇಕು. ದೋಷ ನನ್ನದೇ. ಸಾಹೇಬರಿಗೂ ಹಾಗೆಯೇ ಹೇಳು.

ಶೆಡ್ಡಿಗೆ ಮತ್ತೆ ಬೀಗ ಹಾಕುತ್ತೇನೆ. ಹಾಕುವ ಮುಂಚೆ ಪ್ಯಾಟರ್ನನ್ನು ಒರೆಸಿ, ಏನಾದರೂ ಮೆತ್ತಗಿನ ಬಟ್ಟೆಯಲ್ಲಿ ಸುತ್ತಿ ಎತ್ತಿಡೋಣ ಅಂತ ಇದ್ದೇನೆ. ಬಳಕೆಗೆ ಬರದಿದ್ದರೂ ತೇಗ ಅಲ್ಲವೇ.

ಭಾವ


ಫೆಬ್ರವರಿ ೧೬

ಬೀಗದಮ್ಮ, ಈ ಕಾಗದ ಓದಿದ ಕೂಡಲೇ ಕೂತಲ್ಲಿಂದ ಏಳು. ಚಹಾ ಕುಡಿಯುತ್ತಿದ್ದರೆ ಲೋಟ ಕೆಳಗಿಡು.

ನಿನ್ನ ಅಕ್ಕ ಕೊಟ್ಟ ಸ್ಕೇಲಿದೆಯಲ್ಲ, ಅದನ್ನು ತೆಗೆ. ತುದಿಗೆ ಹಿತ್ತಾಳೆಯ ಟೋಪಿ ಇದೆಯೇ? ಹಿಂಭಾಗದಲ್ಲಿ ಉಳಿಯಿಂದ ಗೀಚಿದ ಒಂದು ಚಿಕ್ಕ ಮೀನು ಇದೆಯೇ? ಇದ್ದರೆ, ಹೊಸ ಟೇಪು ಒಂದು ತಂದು ಅದರ ಪಕ್ಕದಲ್ಲಿಟ್ಟು ನೋಡು. ಸ್ಕೇಲಿನ ಹನ್ನೆರಡು ಟೇಪಿನ ಹನ್ನೆರಡರ ಹತ್ತಿರ ನಿಲ್ಲುತ್ತದೋ, ದಾಟಿ ಹೋಗುತ್ತದೋ?

ದಾಟಿದರೆ ಅವನೇ ನನ್ನ ಕಳೆದುಹೋದ ಸುಳ್ಳ. ನಿನ್ನ ಅಕ್ಕ ಪೇಟೆಯಿಂದ ತಂದು ಕೊಟ್ಟಿದ್ದಲ್ಲ, ನನ್ನ ಪೆಟ್ಟಿಗೆಯಿಂದ ಎತ್ತಿ ಕೊಟ್ಟಿದ್ದು. ನೀನು ಅವನಿಂದ ಅಳೆದಿದ್ದೀಯೆ. ಅವನ ಒಂದು ಇಂಚು ನಿಜದ ಇಂಚಿಗಿಂತ ದೊಡ್ಡದಾದ್ದರಿಂದ ನಿನಗೆ ಎಲ್ಲ ಲೆಕ್ಕವೂ ಕಡಿಮೆ ಬಿತ್ತು. ಹನ್ನೆರಡು ಇದ್ದದ್ದು ಹನ್ನೊಂದು ಮುಕ್ಕಾಲು ಚಿಲ್ಲರೆ ಆಯಿತು. ಆ ಹನ್ನೆರಡು ನನ್ನ ಕಣ್ಣಿಗೆ ಆವತ್ತೇ ಕುಟುಕಿತ್ತು ನೋಡು. ಸಮುದ್ರದ ಮೇಲೆ ಗೂಬೆ ಕೂರಿಸಿ ಸುಮ್ಮನಾದೆ.

ಅಂದರೆ ನಿನ್ನ ಕಣ್ಣೂ ಸರಿ, ನನ್ನ ಕೈಯೂ ಸರಿ. ನೀನು ನನ್ನ ಕೈ ಹೋಯಿತು ಅಂದುಕೊಂಡು ನಿನ್ನ ಕಣ್ಣಿನ ಮೇಲೆ ಹಾಕಿಕೊಂಡೆ. ನಾನು ನಿನ್ನ ಕಣ್ಣು ಹೋಯಿತು ಅಂದುಕೊಂಡು ನನ್ನ ಕೈಯ ಮೇಲೆ ಹಾಕಿಕೊಂಡೆ. ಇಬ್ಬರೂ ಮರ್ಯಾದಸ್ಥರು, ನಡುವೆ ಹಡಗು ಮುಳುಗುತ್ತಿತ್ತು.

ಇದೆಲ್ಲ ಹೇಗೆ ಹೊಳೆಯಿತು ಅಂತ ಈಗ ಹೇಳುವುದಿಲ್ಲ. ದೊಡ್ಡವಳು ಕಟ್ಟೆ ಬಿಟ್ಟ ಮೇಲೆ ಹೇಳುತ್ತೇನೆ. ಚೀಟಿ ಕಟ್ಟುವುದನ್ನು ನಿಲ್ಲಿಸು. ಹೌದೋ ಅಲ್ಲವೋ, ಒಂದೇ ಪದ ಬರೆ.

ಭಾವ


ಫೆಬ್ರವರಿ ೧೯

ಮೀನು ಇದೆ. ದಾಟುತ್ತದೆ.

ಭಾವಾ, ನಿಂತುಕೊಂಡೇ ಬರೆಯುತ್ತಿದ್ದೇನೆ, ಅಕ್ಷರ ಕ್ಷಮಿಸಿ. ಗೋದಾಮಿನಲ್ಲಿ ಈ ಸ್ಕೇಲಿನಿಂದ ಅಳೆಯುವ ಕೆಲಸವೇ ಬರುವುದಿಲ್ಲ, ಎಲ್ಲ ಪೊಟ್ಟಣದ ಮೇಲೂ ನಂಬರು ಇರುತ್ತದೆ. ಗೆರೆ ಎಳೆಯಲಿಕ್ಕೆ, ಮನೆಯಲ್ಲಿ ಬಟ್ಟೆ ಹೊಲಿಯಲಿಕ್ಕೆ ಅಷ್ಟೇ ಬಳಸಿದ್ದು.

ಇಂಜಿನ್ ಸಾಹೇಬರನ್ನು ಕರೆದು ಸ್ಕೇಲು, ಟೇಪು ಎರಡನ್ನೂ ಪಕ್ಕ ಪಕ್ಕ ಇಟ್ಟು ತೋರಿಸಿದೆ. ಅವರು ಬಗ್ಗಿ ನೋಡಿದರು, ಆಮೇಲೆ ಮೇಜಿನ ಮೇಲೆ ಕೂತು ನಗಲು ಶುರು ಮಾಡಿದರು. ನಿಲ್ಲಿಸಲೇ ಇಲ್ಲ. "ಮೇಡಂ, ಗುರಿ ತಪ್ಪದ ಕ್ಷಿಪಣಿ ಇಟ್ಟುಕೊಂಡಿದ್ದೇವೆ, ಅಡಿಪಟ್ಟಿ ನಮ್ಮನ್ನು ಹೊಡೆಯಿತಲ್ಲ," ಅಂದರು. ಪಂಪಿನ ಮನೆಯನ್ನು ಅವರೇ ಹೋಗಿ ಅಳೆದು ಬಂದರು. ಹನ್ನೆರಡರ ಚಕ್ರಕ್ಕೆ ಮಾಡಿದ ಮನೆ.

ಕಟ್ಟಿದ ಚೀಟಿಗಳನ್ನು ನಾನೇ ಹರಿದೆ. ಹತ್ತು ದಿನವೂ ಇಲ್ಲ ಭಾವಾ. ಹೊಸದಾಗಿ ಪ್ಯಾಟರ್ನ್ ಮಾಡಿ ಮುಗಿಸಲು ಆಗುತ್ತದೆಯೇ? ಹಾಳೆಯ ಅಳತೆಯೆಲ್ಲ ತಿದ್ದಿ ಕಳಿಸಲೇ?

ನಾದಿನಿ


ಫೆಬ್ರವರಿ ೨೬

ಬೀಗದಮ್ಮನಿಗೆ ಆಶೀರ್ವಾದಗಳು, ಬಹುವಚನದಲ್ಲಿ.

ತಿದ್ದಲು ಹೋಗಬೇಡ ಅಂತ ಫೋನಿನಲ್ಲಿ ಕೂಗಿದ್ದು ನಿನಗೆ ಕೇಳಿಸಿತಲ್ಲ, ಅಷ್ಟು ಸಾಕು. ನೀನು ಹೇಳಿದ್ದು ನನಗೆ ಕೇಳಿಸಲಿಲ್ಲ, ಚೆನ್ನಾಗಿಯೇ ಹೇಳಿರುತ್ತೀಯೆ.

ನಿಜ ಹೇಳಬೇಕೆಂದರೆ ನಿನ್ನ ಉತ್ತರಕ್ಕೆ ಕಾಯಲಿಲ್ಲ. ಮೀನು ಇದ್ದೇ ಇರುತ್ತದೆ ಅಂತ ಗೊತ್ತಿತ್ತು. ಕಾಗದ ಡಬ್ಬಕ್ಕೆ ಹಾಕಿ ಬಂದವನೇ ಶುರು ಹಚ್ಚಿಕೊಂಡೆ. ಈ ಸಲ ಪೆಟ್ಟಿಗೆಯ ತಳದಿಂದ ಇನ್ನೊಬ್ಬನನ್ನು ಎಬ್ಬಿಸಿದೆ. ಕೆಲವು ಸಲ ಫೌಂಡ್ರಿಯವರು ಪ್ಯಾಟರ್ನೂ ಲೋಹದ್ದೇ ಬೇಕು ಅನ್ನುತ್ತಾರೆ. ಆಗ ಮರದಿಂದ ಲೋಹದ ಪ್ಯಾಟರ್ನು, ಅದರಿಂದ ಕಡೆಯ ವಸ್ತು, ಹೀಗೆ ಎರಡು ಸಲ ಕುಗ್ಗುತ್ತದೆ. ಅಂಥದ್ದಕ್ಕೆ ಎರಡರಷ್ಟು ಹಿಗ್ಗಿಸಿದ ಸ್ಕೇಲೇ ಬೇರೆ ಇದೆ. ಅವನು ಸುಳ್ಳನ ಅಪ್ಪ. ನಿನ್ನ ಹಾಳೆಯಲ್ಲಿ ಒಂದು ಸುಳ್ಳು ಆಗಲೇ ಕೂತಿದೆ, ಎರಕಕ್ಕೆ ಇನ್ನೊಂದು ಬೇಕು. ಎರಡನ್ನೂ ಅಪ್ಪ ಒಬ್ಬನೇ ಹೇಳುತ್ತಾನೆ. ನೀನು ಬರೆದ ಅಂಕಿಯನ್ನೇ ಅವನ ಮೇಲೆ ಹುಡುಕಿ ಗೆರೆ ಹಾಕಿದರೆ ಆಯಿತು, ಗುಣಿಸು ಭಾಗಿಸು ಏನಿಲ್ಲ. ಮೊದಲನೆಯ ಸಲ ಬಾಗು ಕಲಿತಿದ್ದ ಹೆಬ್ಬೆರಳಿಗೆ ಎರಡನೆಯ ಸಲ ಹೇಳಿಕೊಡಬೇಕಾಗಲಿಲ್ಲ. ಪ್ರಾಕ್ಟೀಸ್ ಮೇಕ್ಸ್ ಅಂತ ಏನೋ ಒಂದಿದೆಯಲ್ಲ, ಅದು.

ಫೌಂಡ್ರಿಗೆ ಹೋದೆ. ಅವತ್ತು ಅವರಿಗೆ ರಜೆ. ಗೆಳೆಯ ಬಾಗಿಲಲ್ಲಿ ಕೂತು ಪೇಪರು ಓದುತ್ತಿದ್ದ. ಪ್ಯಾಟರ್ನನ್ನು ಅವನ ತೊಡೆಯ ಮೇಲಿಟ್ಟು ಕತೆಯೆಲ್ಲ ಹೇಳಿದೆ. ಸುಳ್ಳನ ಭಾಗ ಬಂದಾಗ ಪೇಪರು ಮಡಿಸಿದ. "ನಿನ್ನ ಹೆಂಡತಿ ಕೊಟ್ಟಿದ್ದಾ ಆ ಸ್ಕೇಲು?" ಅಂದ. ಹೌದು ಅಂದೆ. ಎದ್ದು ಒಳಗೆ ಹೋಗಿ ಕುಲುಮೆಯ ಗಾಳಿ ಬಿಟ್ಟ.

"ಏನಯ್ಯ, ಇವತ್ತಾಗಲ್ಲ ಅನ್ನಲಿಲ್ಲ?" ಅಂದೆ.

"ಇವತ್ತಾಗದೆ ಇನ್ಯಾವತ್ತು? ಮರಳು ಜರಡಿ ಹಿಡಿ, ನಿಂತು ನೋಡಬೇಡ," ಅಂದ.

ಮುದುಕರಿಬ್ಬರೇ ಅಚ್ಚು ಕಟ್ಟಿ, ಹೊಯ್ದು, ಒಡೆದು ತೆಗೆದೆವು. ನನ್ನ ಹುಬ್ಬು ಅರ್ಧ ಸುಟ್ಟಿದೆ, ಚೆನ್ನಾಗಿ ಕಾಣುತ್ತದೆ ಅಂತ ಟೈಲರು ಹೇಳಿದ. ತಣಿದ ಮೇಲೆ ಟೇಪು ಹಿಡಿದೆ. ಹನ್ನೆರಡು. ಅಂಚಿಂದ ಅಂಚಿಗೆ, ಯಾವ ದಿಕ್ಕಿನಲ್ಲಿ ಇಟ್ಟರೂ ಹನ್ನೆರಡು. ಅಮ್ಮಣ್ಣಿ, ನನ್ನ ಆಯುಷ್ಯದಲ್ಲಿ ಅಷ್ಟು ಚೆಂದದ ಹನ್ನೆರಡು ನೋಡಿಲ್ಲ.

ಚಕ್ರದ ಹಿಂಭಾಗದಲ್ಲಿ ಮೀನಿನ ಗುರುತು ಹಾಕಿದ್ದೇನೆ. ನೀರಿನಲ್ಲಿ ತಿರುಗುವುದಕ್ಕೆ ಮೀನು ಇರಲಿ.

ಭಾವ


ಮಾರ್ಚ್ ೪

ಭಾವಾ, ಭಾವಾ, ಭಾವಾ,

ಹೊರಟಳು.

ಚಕ್ರ ಬಂದ ದಿನವೇ ಕೂರಿಸಿದರು. ಇಂಜಿನ್ ಸಾಹೇಬರು ತಾವೇ ಪಂಪಿನ ಕೆಳಗೆ ಮಲಗಿ ಕೈಯಲ್ಲಿ ತಿರುಗಿಸಿ ನೋಡಿದರು. ಎಲ್ಲೂ ತಾಗಲಿಲ್ಲ, ಎಲ್ಲೂ ಸಡಿಲವಿರಲಿಲ್ಲ. ಸ್ವಿಚ್ ಹಾಕಿದಾಗ ನಾನು ಕೊಳವೆಗೆ ಕಿವಿಯಿಟ್ಟು ನಿಂತಿದ್ದೆ. ಮೊದಲು ಬರೀ ಗಾಳಿಯ ಸದ್ದು. ಆಮೇಲೆ ದೂರದಿಂದ ಯಾರೋ ಓಡಿ ಬರುವ ಹಾಗೆ ನೀರು ಬಂತು, ಕೊಳವೆ ನನ್ನ ಕೆನ್ನೆಗೆ ತಣ್ಣಗಾಯಿತು. ಒತ್ತಡದ ಮುಳ್ಳು ಹಸಿರು ಗೆರೆ ದಾಟಿ ನಿಂತಾಗ ಕೆಳಗಿದ್ದವರೆಲ್ಲ ಪಾತ್ರೆ ಪಗಡ ಬಡಿದರು.

ಇವತ್ತು ಬೆಳಿಗ್ಗೆ ತಪಾಸಣೆಯವರು ಕಟ್ಟೆಯ ಮೇಲೆ ನಿಂತಿದ್ದರು. ಹಗ್ಗ ಬಿಚ್ಚಿದರು. ದೊಡ್ಡವಳು ಮೊದಲು ಒಂದು ಗೇಣು, ಆಮೇಲೆ ಒಂದು ಮಾರು, ಆಮೇಲೆ ನೋಡುತ್ತ ನೋಡುತ್ತ ನಮ್ಮ ಅವಳ ನಡುವೆ ಬರೀ ನೀರು. ಎಳೆಯುವ ದೋಣಿ ಪಕ್ಕದಲ್ಲೇ ಇತ್ತು, ಬೇಕಾಗಲಿಲ್ಲ. ಮೇಲೆ ರೇಡಾರು ತಿರುಗುತ್ತಿತ್ತು. ತಿರುವಿನಲ್ಲಿ ಚಿಕ್ಕವಳ ಮುಂದೆ ಹಾದುಹೋಗುವಾಗ ಸೀಟಿ ಹಾಕಿದಳು. ಚಿಕ್ಕವಳೂ ಹಾಕಿದಳು. ಗೋದಾಮಿನವರೆಲ್ಲ ಅತ್ತರು, ನಾನು ಅಳಲಿಲ್ಲ, ನನಗೆ ಬೀಗ ಹಾಕುವ ಕೆಲಸವಿತ್ತು. ಬೀಗ ಹಾಕಿದ ಮೇಲೆ ಅತ್ತೆ.

ಇಂಜಿನ್ ಸಾಹೇಬರು ಹೊರಡುವಾಗ ಮೇಲಿನಿಂದ ಕೂಗಿದರು, "ಮೇಡಂ, ಉತ್ತರ ಸಿಕ್ತು."

ಈಗ ಹೇಳಿ. ಸ್ಕೇಲಿನ ವಿಷಯ ನಿಮಗೆ ಹೇಗೆ ಗೊತ್ತಾಯಿತು?

ನಾದಿನಿ


ಮಾರ್ಚ್ ೯

ಬೀಗದಮ್ಮನಿಗೆ ಭಾವನ ಆಶೀರ್ವಾದ. ಇವತ್ತು ನಿಧಾನವಾಗಿ ಬರೆಯುತ್ತಿದ್ದೇನೆ, ನೀನೂ ನಿಧಾನವಾಗಿ ಓದು.

ಪ್ಯಾಟರ್ನನ್ನು ಸುತ್ತಿಡಲು ಮೆತ್ತಗಿನ ಬಟ್ಟೆ ಬೇಕಿತ್ತಲ್ಲ. ನಿನ್ನ ಅಕ್ಕನ ಟ್ರಂಕು ತೆಗೆದೆ. ಅವಳು ಹೋದ ಮೇಲೆ ಅದೇ ಮೊದಲು. ಮೇಲೇ ಇದ್ದವು ನೀನು ಹೊಲಿದು ಕಳಿಸುತ್ತಿದ್ದ ಉದ್ದಂಗಿಗಳು. ಪ್ರತಿ ವರ್ಷ ಅವಳ ಹುಟ್ಟಿದ ದಿನಕ್ಕೆ ಒಂದು. ಹಳೆಯದೊಂದನ್ನು ತೆಗೆದು ಒಳಮುಖ ತಿರುಗಿಸಿದೆ. ಎರಡೂ ಪಕ್ಕೆಯಲ್ಲಿ ನಿನ್ನ ಮಿಷನ್ ಹೊಲಿಗೆಯ ಒಳಗಡೆ ಇನ್ನೊಂದು ಕೈಹೊಲಿಗೆ. ನಿನ್ನ ಅಕ್ಕನ ಕೈ, ಆ ಸಣ್ಣ ಟಾಕಾ ನನಗೆ ಗೊತ್ತು. ಇನ್ನೊಂದನ್ನು ತಿರುಗಿಸಿದೆ, ಅದರಲ್ಲೂ. ಎಲ್ಲದರಲ್ಲೂ. ಒಂದೊಂದು ಪಕ್ಕೆಗೆ ಕಾಲಿಂಚು, ಎರಡೂ ಸೇರಿ ಅರ್ಧ. ಕೆಳಗಿನ ಅಂಚೂ ಅದೇ ಪ್ರಮಾಣದಲ್ಲಿ ಒಳಗೆ ಮಡಿಸಿ ಹೊಲಿದಿದ್ದಾಳೆ.

ಒಂದು ಅಂಗಿ ಸಡಿಲವಾದರೆ ಹೊಲಿದವರ ಅಜಾಗರೂಕತೆ. ಎಲ್ಲ ಅಂಗಿಯೂ ಒಂದೇ ಪ್ರಮಾಣದಲ್ಲಿ ಸಡಿಲವಾದರೆ ಅದು ಕೈಯ ತಪ್ಪಲ್ಲ, ಅಳೆದ ಸ್ಕೇಲಿನದು. ಮೂವತ್ತನಾಲ್ಕು ಇಂಚಿನ ಸುತ್ತಳತೆಗೆ ಅರ್ಧ ಇಂಚು. ನೂರಕ್ಕೆ ಒಂದೂವರೆ. ಆ ಅಂಗಿ ಹಿಡಿದುಕೊಂಡು ಟ್ರಂಕಿನ ಮುಂದೆ ನೆಲದ ಮೇಲೆ ಕೂತುಬಿಟ್ಟೆ. ಕಂಚು ಕುಗ್ಗುತ್ತದೆ, ಬಟ್ಟೆ ಕುಗ್ಗಲಿಲ್ಲ. ಅದನ್ನು ನಿನ್ನ ಅಕ್ಕ ಕುಗ್ಗಿಸಿಕೊಂಡಳು.

ಪ್ಯಾಟರ್ನ್ ಬಡಗಿಯ ಹೆಂಡತಿ, ಮೊದಲನೆಯ ಅಂಗಿಗೇ ಅವಳಿಗೆ ತಿಳಿದಿರಬೇಕು ಯಾವ ಸ್ಕೇಲು ಕೊಟ್ಟೆ ಅಂತ. ನಿನಗೆ ಹೇಳಬಹುದಿತ್ತು. ಹೊಸ ಕೆಲಸ, ಮೊದಲ ಸಂಬಳದಲ್ಲಿ ಬಟ್ಟೆ ತಂದು ಹೊಲಿದಿದ್ದೀಯೆ, ತಂಗಿಯ ಮುಖ ಸಪ್ಪಗಾದೀತು ಅಂತ ಸುಮ್ಮನಾಗಿರುತ್ತಾಳೆ. ಎರಡನೆಯ ವರ್ಷ ಹೇಳಿದರೆ ಮೊದಲನೆಯದೂ ಹೊರಬರುತ್ತದೆ. ಹೀಗೇ ವರ್ಷಗಳು ಹೋದವು. ಪೊಟ್ಟಣ ಬಂದ ದಿನ ಬಾಗಿಲು ಹಾಕಿಕೊಂಡು ಏನು ಮಾಡುತ್ತಿದ್ದಳೋ ನನಗೆ ತಿಳಿಯುತ್ತಿರಲಿಲ್ಲ, ಹೊರಗೆ ಬಂದು, "ನೋಡಿ, ಚಿಕ್ಕವಳು ಹೊಲಿದದ್ದು ನನಗೆ ಹೇಳಿ ಮಾಡಿಸಿದ ಹಾಗೆ ಕೂತಿದೆ," ಅನ್ನುತ್ತಿದ್ದಳು. ನಾನೂ ಹೌದು ಅನ್ನುತ್ತಿದ್ದೆ. ಕೂತಿತ್ತಲ್ಲ.

ಆ ಅಂಗಿಗಳಲ್ಲಿ ಒಂದನ್ನು ಇದರ ಜೊತೆ ಕಳಿಸುತ್ತಿದ್ದೇನೆ. ಹೊಲಿಗೆ ಬಿಚ್ಚಬೇಡ.

ಇನ್ನೊಂದು ವಿಷಯ. ಇವತ್ತು ರಂದ ಎಳೆಯುತ್ತಿದ್ದಾಗ ಇದ್ದಕ್ಕಿದ್ದ ಹಾಗೆ ನೆನಪಾಯಿತು. ಟೈಮ್ ಅಂಡ್ ಟೈಡ್ ವೇಟ್ ಫಾರ್ ನೋ ಮ್ಯಾನ್. ಯಾರಿಗೂ ಕಾಯುವುದಿಲ್ಲವಂತೆ. ಇರಬಹುದು. ಆದರೆ ಮೇಷ್ಟ್ರು ನಮ್ಮ ದೊಡ್ಡವಳನ್ನು ನೋಡಿರಲಿಲ್ಲ.

ಶೆಡ್ಡಿಗೆ ಬೀಗ ಹಾಕಿಲ್ಲ.

ಭಾವ


ಮಾರ್ಚ್ ೧೪

ಭಾವನವರಿಗೆ ನಮಸ್ಕಾರ.

ಅಂಗಿ ತಲುಪಿತು. ಬಿಚ್ಚಲಿಲ್ಲ, ಹಾಕಿಕೊಂಡೆ. ಅಕ್ಕ ನಿಂತಿರುವಾಗ ಬಿಚ್ಚಿ ಹಾಕಿಕೊಂಡದ್ದಿಲ್ಲ ಅಂತ ಬರೆದಿದ್ದೆ. ಈಗ ಅವಳೇ ಅಳತೆ ಸರಿಮಾಡಿ ಇಟ್ಟುಹೋದದ್ದನ್ನು ಹಾಕಿಕೊಂಡಿದ್ದೇನೆ. ಹೇಳಿ ಮಾಡಿಸಿದ ಹಾಗೆ ಕೂತಿದೆ.

ಚಿಕ್ಕವಳ ಪಂಪು ನಿನ್ನೆಯಿಂದ ಕರಕರ ಅನ್ನುತ್ತಿದೆ. ಬೇರಿಂಗಿನ ಮನೆ ಸವೆದಿದೆ, ಅದೂ ಕಂಚಿನದೇ, ಅದೂ ಗೋದಾಮಿನಲ್ಲಿಲ್ಲ. ಈ ಸಲ ತುಂಬ ಸಮಯವಿದೆ. ಡ್ರಾಯಿಂಗಿನವರು ಹೊಸ ಉಪಕರಣ ತಂದುಕೊಟ್ಟರು, ಬೇಡ ಅಂದೆ. ಮೊನ್ನೆ ದೊಡ್ಡವಳ ಜೊತೆ ಕಟ್ಟೆಗೆ ಮರಳಿದ ಇಂಜಿನ್ ಸಾಹೇಬರು ಹಾಳೆಯ ಮೇಲೆ ಸಹಿ ಹಾಕುವ ಮುಂಚೆ, "ಯಾವುದರಿಂದ ಅಳೆದಿರಿ ಮೇಡಂ?" ಅಂತ ಕೇಳಿದರು. ಹೇಳಿದೆ. ನಕ್ಕು ಸಹಿ ಹಾಕಿದರು.

ಅಳತೆ ಲಗತ್ತಿಸಿದ್ದೇನೆ. ಎಲ್ಲವನ್ನೂ ಸುಳ್ಳನಿಂದಲೇ ತೆಗೆದಿದ್ದೇನೆ. ನೀವು ಅವನ ಅಪ್ಪನನ್ನು ಎಬ್ಬಿಸಿ.

ನಾದಿನಿ